ಐಸೆಷ್ಟು, ಮೀನೆಷ್ಟು

ಬೈತಖೋಲ ದಕ್ಕೆಯಲ್ಲಿ
ಇಪ್ಪತ್ತಾರು ವರ್ಷ ತಕ್ಕಡಿ ಹಿಡಿದವಳು ನಾನು.
ಬುಟ್ಟಿ ಕಂಡರೆ ಸಾಕು, ಹೇಳಿಬಿಡುತ್ತೇನೆ
ಇದರಲ್ಲಿ ಐಸೆಷ್ಟು, ಬಂಗಡೆ ಎಷ್ಟು.

ಜೂನಿನಲ್ಲಿ ಬೋಟು ನಿಂತು ಕೈ ಖಾಲಿ.
ಎಲುಬು ಸವೆದಿದೆ, ಭಾರ ಎತ್ತು ಅಂದರು ಡಾಕ್ಟರು.
ನಗು ಬಂತು. ಇಷ್ಟು ದಿನ ಎತ್ತಿದ್ದು ಏನನ್ನ?
ಆದರೂ ಕೋಡಿಬಾಗದ ಜಿಮ್ಮಿಗೆ ಹೋದೆ,
ಸೀರೆಯ ಮೇಲೆ ಮಗನ ಹಳೇ ಅಂಗಿ ತೊಟ್ಟು.

ಗಾಜಿನ ಹಲಗೆ ಮೇಲೆ ಬರಿಗಾಲಲ್ಲಿ ನಿಂತರೆ
ಅಂದು ಅರವತ್ತೊಂದು.
ದೀಪಾವಳಿಗೂ ಅರವತ್ತೊಂದು.
ಐದು ತಿಂಗಳ ಬೆವರು ಯಾವ ಗಟಾರಕ್ಕೆ ಹೋಯಿತೋ!
‘ಇಲ್ಲ ಮೌಶಿ, ಇಲ್ಲಿ ನೋಡಿ’ ಅಂತ
ಸಂದೇಶ ಚೀಟಿ ಹರಿದು ಕೊಟ್ಟ:
ಕೊಬ್ಬು ಮೂರು ಕಿಲೋ ಇಳಿದಿದೆ,
ಮಾಂಸ ಮೂರು ಕಿಲೋ ಏರಿದೆ.

ಅಂದರೆ ಅದೇ ಬುಟ್ಟಿ, ಅದೇ ತೂಕ,
ಒಳಗಿನದು ಬೇರೆ.
ಇದು ನನಗೇ ತಿಳಿಯಬೇಕಿತ್ತು.
ರವಿಕೆ ತೋಳಲ್ಲಿ ಕಚ್ಚುತ್ತಿದೆ ಅಂತ
ಕಾಜುಬಾಗದ ಟೇಲರನಿಗೆ ಸುಮ್ಮನೆ ಬೈದಿದ್ದೆ.

ಆಮೇಲೆ ಡಬ್ಬಿಯ ಮಾತು.
ಆರು ಸಾವಿರ, ಚಾಕೊಲೇಟ್ ವಾಸನೆ.
ಮುಚ್ಚಳ ತೆಗೆದರೆ ಅರ್ಧ ಪುಡಿ, ಅರ್ಧ ಗಾಳಿ.
ಈ ವ್ಯಾಪಾರ ನನಗೆ ಗೊತ್ತು ಮಗಾ, ಅಂದೆ.
ಒಂದು ಚಮಚದ ಪ್ರೋಟೀನಿಗೆ ಎಷ್ಟು ಬಂಗಡೆ?
ಅವ ಫೋನು ತಿಕ್ಕಿದ, ತಲೆ ಕೆರೆದ,
‘ದೊಡ್ಡದಾದರೆ ಎರಡು ಸಾಕು’ ಅಂದ, ಮೆಲ್ಲಗೆ.
ಮರುದಿನ ಅವನಿಗೇ ನಾಲ್ಕು ಕಟ್ಟಿಕೊಟ್ಟೆ.

ಬಿಳಿ ಪುಡಿ ಮಾತ್ರ, ಆ ಕ್ರಿಯಾಟಿನ್,
ಡಾಕ್ಟರನ್ನು ಕೇಳಿಯೇ ತಗೊಂಡೆ.
ವಾರದಲ್ಲಿ ಒಂದು ಕಿಲೋ ಜಾಸ್ತಿ!
‘ಹೆದರಬೇಡಿ, ಅದು ನೀರು’ ಅಂದ ಸಂದೇಶ.
ಐಸು, ಅಂದೆ ನಾನು.

ಈಗ ಹೇಳಬೇಕಾದ್ದು ಗುಲಾಬಿಯ ಸುದ್ದಿ.
ತುಂಬಿದ ಬುಟ್ಟಿ ತಲೆಗೇರಬೇಕಾದರೆ
ಇನ್ನೊಬ್ಬಳು ಕೈ ಕೊಡಬೇಕು, ದಕ್ಕೆಯ ರೀತಿ ಅದು.
ಇಷ್ಟು ವರ್ಷ ನನಗೆ ಅವಳು, ಅವಳಿಗೆ ನಾನು.
ಮೊನ್ನೆ ಬೆಳಗಿನ ಗಡಿಬಿಡಿಯಲ್ಲಿ
ಮೊಣಕಾಲು ಮಡಚಿ, ಉಸಿರು ಕಟ್ಟಿ,
ಒಬ್ಬಳೇ ಎತ್ತಿಬಿಟ್ಟೆ.
ತಿರುಗಿ ನೋಡಿದರೆ
ಚಾಚಿದ ಎರಡು ಕೈ ಹಾಗೇ ಗಾಳಿಯಲ್ಲಿ.
‘ಎಂತ ತಿಂತೀಯೇ ನೀನು?’ ಅಂದಳು.
ನಗಲಿಲ್ಲ.

ಇವತ್ತು ಬುಟ್ಟಿಯಲ್ಲಿ ಬರೇ ತಾರ್ಲೆ, ಹಗುರ.
ಸೆರಗು ಸುತ್ತಿ ಸಿಂಬಿ ಮಾಡಿ
ಕೂಗಿದೆ:
ಏ ಗುಲಾಬಿ, ಬಾರೇ,
ಸ್ವಲ್ಪ ಕೈ ಕೊಡು.