ಕಾಲಂ ಏಳು

ಕಾಗದ ಬಿಷ್ಕೆಕ್‌ನಿಂದ ಬಂತು, ಅಂಚು ಒದ್ದೆಯಾಗಿ.
ಊರಿಗೊಂದು ಸ್ನಾನದ ಮನೆಗೆ
ಸರ್ಕಾರ ಮುಕ್ಕಾಲು ಪಾಲು ಕೊಡುತ್ತದಂತೆ.
ಉಳಿದ ಕಾಲು ಪಾಲು ನಮ್ಮದು,
ರೊಕ್ಕ ಇದ್ದರೆ ರೊಕ್ಕ, ಇಲ್ಲದಿದ್ದರೆ ರಟ್ಟೆ.
ರಟ್ಟೆಗೂ ದರ ಉಂಟು, ದಿನಕ್ಕೆ ಐನೂರು ಸೋಮ್.
ಕಾಲಂ ಏಳರಲ್ಲಿ ಬರೆಯಬೇಕು:
ಹೆಸರು, ದಿನ, ಮೊತ್ತ, ರುಜು.

ನಾನು ತಾಜಿಗುಲ್, ಕೊಕ್-ಬುಲುಂಗಿನ ಗ್ರಾಮ ಕಚೇರಿಯ ಗುಮಾಸ್ತೆ.
ಅಕ್ಷರ ದುಂಡಗಿದೆಯೆಂದು
ಊರಿನ ಮದುವೆ, ಸಾವು, ಕುರಿಗಣತಿ
ಎಲ್ಲವೂ ನನ್ನ ಕೈಯಿಂದಲೇ ದಾಟಬೇಕು.

ಸಭೆಯಲ್ಲಿ ಗಂಡಸರು ಕುಸ್ತಿಮನೆಗೆ ಹೊಸ ಮಾಡು ಕೇಳಿದರು.
ಹಿಂದಿನ ಬೆಂಚಿನಿಂದ ಸೊನುನ್‌ಬೂಬು ಎದ್ದಳು,
ಎಲ್ಲರೆದುರು ತಲೆವಸ್ತ್ರ ಬಿಚ್ಚಿದಳು.
"ಜನವರಿಯಲ್ಲಿ ಈ ಕೂದಲು ತೊಳೆದುಕೊಂಡು
ಹೊರಗೆ ಎರಡು ಹೆಜ್ಜೆ ಇಟ್ಟೆ.
ಮುರಿಯಿತು, ಕಡ್ಡಿಯ ಹಾಗೆ.
ಈಗ ಕೈ ಎತ್ತಿ."
ಎತ್ತಿದರು. ಕುಸ್ತಿಯವರೂ.

ಕೆಲಸ ಶುರುವಾದದ್ದು ಹುಲ್ಲು ಕೊಯ್ದು ಮುಗಿದ ಮೇಲೆ.
ನಾವು ಅಶಾರ್ ಅನ್ನುತ್ತೇವೆ. ಮುಯ್ಯಾಳು.
ನಿನ್ನ ಗೋಡೆಗೆ ನಾನು, ನನ್ನ ಗೋಡೆಗೆ ನೀನು,
ನಡುವೆ ಒಂದು ಹಂಡೆ ಸಾರು.
ಪುಸ್ತಕ ಹಿಡಿದು ಪಕ್ಕದಲ್ಲಿ ಯಾರೂ ಯಾವತ್ತೂ ನಿಂತಿರಲಿಲ್ಲ.
ನಾನು ನಿಂತೆ.

ಮಣ್ಣು ಮೆತ್ತಿದ ಕೈ ಷರಾಯಿಗೆ ಒರೆಸಿಕೊಂಡು
ನಾಚುತ್ತ ನಾಚುತ್ತ ರುಜು ಹಾಕಿದರು.
ಕಲ್ದರ್‌ಬೆಕ್ ಮಾತ್ರ ಪೆನ್ನು ಮುಟ್ಟಲಿಲ್ಲ.
ಹನ್ನೊಂದು ದಿನ ಹೊಳೆಯಿಂದ ಕಲ್ಲು ಹೇರಿದವನು ಅವನೇ,
ತನ್ನ ಕೆಂಗಂದು ಬಣ್ಣದ ಹೆಣ್ಣುಕುದುರೆಯ ಬಂಡಿಯಲ್ಲಿ.
"ಮುಯ್ಯಿಗೆ ಲೆಕ್ಕ ಬರೆದರೆ ಅದು ಕೂಲಿ, ಮಗಳೇ.
ನಿನ್ನಪ್ಪನ ಗೋರಿ ತೋಡಿದ ದಿನ
ನಾನು ಎಲ್ಲಿ ರುಜು ಹಾಕಿದೆ?"

ಹಾಕಿರಲಿಲ್ಲ.
ಆದರೆ ಐದು ಸಾವಿರದ ಐನೂರು ಸೋಮ್ ಕಡಿಮೆ ಬೀಳುತ್ತಿತ್ತು,
ಕಡಿಮೆ ಬಿದ್ದರೆ ಬಾಯ್ಲರ್ ಬರುತ್ತಿರಲಿಲ್ಲ.
ಸೊನುನ್‌ಬೂಬುವಿನ ರೊಟ್ಟಿಯನ್ನು ಸೇರಿಸೋಣವೆಂದರೆ
ರೊಟ್ಟಿಗೆ ಕಾಲಂ ಇಲ್ಲ,
ನಲವತ್ತು ದಿನದ ಚಹಕ್ಕೂ ಇಲ್ಲ.
ಕರೆಂಟು ಹೋದ ರಾತ್ರಿ, ಮೇಣದ ಬತ್ತಿಯಲ್ಲಿ,
ದುಂಡಗೆ ಬರೆದೆ:
ತೊರುಚಾ. ಹನ್ನೊಂದು ದಿನ.
ರುಜುವಿನ ಜಾಗದಲ್ಲಿ ಲಾಳದಾಕಾರದ ಒಂದು ಗೆರೆ.

ನವೆಂಬರಿನಲ್ಲಿ ತಪಾಸಣೆಯವನು ಬಂದ,
ಎಳೆಯ ಹುಡುಗ, ಚಳಿಗೆ ಸಾಲದ ಬೂಟು.
ಗೋಡೆ ಅಳೆದ. ನಲ್ಲಿ ತಿರುಗಿಸಿದ. ಪಟ್ಟಿಯ ಮೇಲೆ ಬೆರಳೋಡಿಸಿದ.
"ಈ ತೊರುಚಾ ಯಾರು? ಮನೆಪಟ್ಟಿಯಲ್ಲಿ ಇಲ್ಲವಲ್ಲ?"
ಒಲೆಯ ಕಲ್ಲಿದ್ದಲು ಚಿಟಿಲೆಂದಿತು, ಅಷ್ಟೆ.
ಕಿಟಕಿಯಾಚೆ ಕಂಬಕ್ಕೆ ಕಟ್ಟಿಹಾಕಿದ್ದ ಅವಳು
ಬಾಲದಿಂದ ಹಿಮ ಕೊಡವುತ್ತಿದ್ದಳು.
"ಒಂಟಿ ಹೆಂಗಸು," ಅಂದೆ.
"ಕಲ್ದರ್‌ಬೆಕ್‌ನ ಹಿತ್ತಲಲ್ಲಿರುತ್ತಾಳೆ. ಓದು ಬರಹ ಬಾರದು."
ಹುಡುಗ ಗೆರೆ ನೋಡಿದ. ನನ್ನನ್ನು ನೋಡಿದ.
ಕಿಟಕಿಯನ್ನು ಬಹಳ ಹೊತ್ತು ನೋಡಿದ.
ಅವನ ಅಜ್ಜನೂ ಯಾವುದೋ ಮೇಲಿನ ಹುಲ್ಲುಗಾವಲಿನವನೇ ಇರಬೇಕು.
"ಮಕ್ಕಳೆಷ್ಟು?" ಎಂದು ಕೇಳಿ,
ಉತ್ತರಕ್ಕೆ ಕಾಯದೆ ಟಿಕ್ ಹಾಕಿದ.

ಈಗ ಮಂಗಳವಾರ ಹೆಂಗಸರಿಗೆ, ಬುಧವಾರ ಗಂಡಸರಿಗೆ.
ದುಡಿದವರ ಪಟ್ಟಿಯನ್ನು ನಿಯಮದಂತೆ
ಬಾಗಿಲ ಪಕ್ಕ ಅಂಟಿಸಿದ್ದೇನೆ, ಪಾರದರ್ಶಕತೆಗಾಗಿ.
ಮಕ್ಕಳು ಜೋರಾಗಿ ಓದುತ್ತವೆ,
ನಾಲ್ಕನೆಯ ಹೆಸರು ಬಂದಾಗ ಕೆನೆಯುತ್ತವೆ.
ಪಟ್ಟಿಯಲ್ಲಿದ್ದವರಿಗೆ ಈ ಚಳಿಗಾಲ ಪುಕ್ಕಟೆ,
ಮಿಕ್ಕವರಿಗೆ ಇಪ್ಪತ್ತು ಸೋಮ್.

ಕಲ್ದರ್‌ಬೆಕ್ ಪ್ರತಿ ಬುಧವಾರ ಬರುತ್ತಾನೆ,
ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಕುದುರೆಯ ಬೆನ್ನು ಒರೆಸಿ
ಅದೇ ಟವೆಲ್ಲು ಹೆಗಲಿಗೆ ಹಾಕಿಕೊಂಡು
ಡಬ್ಬಿಗೆ ಇಪ್ಪತ್ತು ಇಳಿಬಿಡುತ್ತಾನೆ.
ಬೇಡ ಅನ್ನುತ್ತೇನೆ.
"ನನ್ನ ಹೆಸರೆಲ್ಲಿದೆ, ತೋರಿಸು," ಅನ್ನುತ್ತಾನೆ.

ಆ ಇಪ್ಪತ್ತನ್ನು ಯಾವ ಕಾಲಮ್ಮಿಗೆ ಸೇರಿಸಲಿ,
ನನಗಿನ್ನೂ ತಿಳಿದಿಲ್ಲ.
ತಿಂಗಳಿಗೊಮ್ಮೆ ಬೇರೆ ತೆಗೆದು ಬಾರ್ಲಿ ಕೊಳ್ಳುತ್ತೇನೆ,
ಅವನು ಒಳಗೆ ಹಬೆಯಲ್ಲಿ ಕೂತು ಕೆಮ್ಮುತ್ತಿರುವಾಗ
ಅವಳ ಮುಂದೆ ಸುರಿಯುತ್ತೇನೆ.
ರಸೀದಿ ಇಲ್ಲ.