ಕಾಯುವುದು

ಸುಲ್ತಾನಪೇಟೆಯ ಒಂದು ಗಲ್ಲಿಯೊಳಗೆ
ಮುನಿಚೂಡಪ್ಪನವರ ಲಗ್ನಪತ್ರಿಕೆ ಪ್ರೆಸ್ಸು.
ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಕಂಪ್ಯೂಟರು
ಪಕ್ಕದ ತಗಡು ಕಳಚಿ, ಹೊಟ್ಟೆ ತೆರೆದು ಕೂತಿದೆ.

ಅದಕ್ಕೆ ನಾನು ಬರೆದುಕೊಟ್ಟ ಕೆಲಸ ಸಣ್ಣದು:
ಫೋಲ್ಡರಿನಲ್ಲಿ ಹೊಸ ಆರ್ಡರು ಬಿದ್ದರೆ ಎತ್ತಿಕೋ,
ಚಿ. ರಾ. ಮುಂದೆ ಗಂಡಿನ ಹೆಸರು,
ಚಿ. ಸೌ. ಮುಂದೆ ಹೆಣ್ಣಿನದು,
ಮುಹೂರ್ತ, ಛತ್ರ, ಊಟದ ಹೊತ್ತು,
ತುಂಬಿ ಪ್ಲೇಟಿಗೆ ಕಳಿಸು.
ಹನ್ನೆರಡು ಸಾಲು. ಬರೆದ ದಿನ ಬೀಗಿದ್ದೆ.

ಆಷಾಢ ಕಳೆಯಿತು, ಲಗ್ನಗಳು ಶುರು.
ಮೂರನೇ ರಾತ್ರಿ ಫ್ಯಾನು ಕಿರುಚತೊಡಗಿತು,
ತುಂಬಿದ ಮಾರ್ಕೆಟ್ ಬಸ್ಸು ಏರು ಹತ್ತುವ ಹಾಗೆ.
ಆಗ ಕಾರ್ಡು ಒಂದೂ ಇಲ್ಲ, ಆರ್ಡರು ಒಂದೂ ಇಲ್ಲ,
ಪ್ರೊಸೆಸರು ಮಾತ್ರ ನೂರಕ್ಕೆ ತೊಂಬತ್ತೊಂಬತ್ತು.
ಡಬ್ಬಿಯ ಮೇಲೆ ಮಲಗುತ್ತಿದ್ದ ಬೆಕ್ಕು
ಕಾಲು ಸುಟ್ಟವರಂತೆ ಹಾರಿ ಇಳಿಯಿತು.
"ಏನಮ್ಮ ಶಕೀಲಾ, ಕೆಲಸ ಇಲ್ಲದೇನೇ ಬೆವರುತ್ತಲ್ಲ ಇದು,
ನಮ್ಮ ಷಡ್ಡಕನ ಥರ" ಅಂದರು ಮುನಿಚೂಡಪ್ಪ,
ಕಣ್ಣು ಕರೆಂಟು ಮೀಟರಿನ ಮೇಲೆ.

ತೆರೆದು ಓದಿದೆ ನನ್ನ ಹನ್ನೆರಡು ಸಾಲು.
ಬಂತಾ? ಇಲ್ಲ. ಬಂತಾ? ಇಲ್ಲ. ಬಂತಾ?
ಸೆಕೆಂಡಿಗೆ ಸಾವಿರ ಸಾವಿರ ಸಲ
ಅದೇ ಖಾಲಿ ಬಾಗಿಲು,
ಉತ್ತರ ಕಿವಿಗೆ ಇಳಿಯುವ ಮೊದಲೇ ಮತ್ತೆ ಬಡಿತ.
ಹೇಳಿದ್ದು ನಾನೇ: ಕಾಯುತ್ತಿರು, ಎಂದು.
ಕಾಯಿತು.
ದಾರಿ ನೋಡುವುದಕ್ಕೂ ಬಿಸಿಯಾಗುವುದಕ್ಕೂ
ನಮ್ಮಲ್ಲಿ ಒಂದೇ ಮಾತು;
ಪಾಪ, ಅದು ಎರಡನ್ನೂ ಒಟ್ಟಿಗೇ ಮಾಡಿತು.

ಟೀ ಹಿಡಿದು ಹೊರಗೆ ಬಂದರೆ
ಆ ಮಾತಿನ ಮೂರನೇ ಅರ್ಥ
ಮುರಿದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿತ್ತು:
ಅಂತೋಣಿಯಪ್ಪ, ಎಂಟು ಅಂಗಡಿಗಳ ಕಾವಲು.
ಎದ್ದರು. ಎಂಟೂ ಬೀಗ ಜಗ್ಗಿ ನೋಡಿದರು.
ಕೊನೆಯ ಕಂಬಕ್ಕೆ ಕೋಲಿನಿಂದ ಒಂದೇಟು,
ಠಣ್.
ಮತ್ತೆ ಬಂದು ಕೂತು ಕಣ್ಣು ಮುಚ್ಚಿದರು.

"ಹೀಗೆ ಮಲಗಿದರೆ ಕಳ್ಳ ಬರಲ್ವಾ?"
"ಕಳ್ಳನಿಗೂ ಬೀಗ ಒಡೆಯೋಕೆ ಟೈಮು ಬೇಕಲ್ಲಮ್ಮ.
ಮೊದಲೆಲ್ಲ ರಾತ್ರಿಯಿಡೀ ಬೀಗಾನೇ ನೋಡ್ತಾ ನಿಂತಿದ್ದೆ.
ನಾಲ್ಕನೇ ದಿನ ಜ್ವರ ಬಂತು.
ಐದನೇ ದಿನ ಕಳ್ಳ ಬಂದ."

ಒಳಗೆ ಬಂದು ಹದಿಮೂರನೇ ಸಾಲು ಬರೆದೆ:
ಇಲ್ಲದಿದ್ದರೆ, ಐದು ಸೆಕೆಂಡು ಮಲಗು.

ಫ್ಯಾನು ಮೊದಲು ನಂಬಲಿಲ್ಲ.
ಹಾಗೇ ಸ್ವಲ್ಪ ಹೊತ್ತು ಕೂಗಿ,
ಅತ್ತು ಸುಸ್ತಾದ ಮಗುವಿನಂತೆ ಬಿಕ್ಕಿ ಬಿಕ್ಕಿ ಇಳಿಯಿತು.
ತೊಂಬತ್ತೊಂಬತ್ತು, ನಲವತ್ತು, ಏಳು,
ಎರಡು.
ಅಷ್ಟು ದಿನ ಅಲ್ಲೇ ಇದ್ದು ಕೇಳಿಸದಿದ್ದ
ಗೋಡೆ ಗಡಿಯಾರ ಕೇಳಿಸಿತು,
ಪಕ್ಕದ ಬೈಂಡಿಂಗ್ ಅಂಗಡಿಯ ನಲ್ಲಿ,
ನನ್ನ ಬಳೆ.

ಹನ್ನೊಂದೂ ಮುಕ್ಕಾಲಿಗೆ ಒಂದು ಆರ್ಡರು ಬಿತ್ತು.
ಮಾಗಡಿ ರೋಡಿನ ಗಂಡು, ಮಾಲೂರಿನ ಹೆಣ್ಣು,
ಇನ್ನೂರೈವತ್ತು ಕಾರ್ಡು, ಅರಿಶಿನ ಬಣ್ಣ.
ಮೂರು ಸೆಕೆಂಡು ತಡವಾಗಿ ಎದ್ದು ಎತ್ತಿಕೊಂಡಿತು.
ಮೂವತ್ತೆರಡು ವರ್ಷ ಕಾದ ಆ ಗಂಡಿಗೆ
ಮೂರು ಸೆಕೆಂಡು ಯಾವ ಲೆಕ್ಕ?

"ಹತ್ತು ನಿಮಿಷ ಮಲಗಿಸಿದರೆ
ಕರೆಂಟು ಇನ್ನೂ ಉಳಿಯುತ್ತಾ?" ಅಂದರು ಮುನಿಚೂಡಪ್ಪ.
ನಾನು ಉತ್ತರಿಸಲಿಲ್ಲ.

ಬೆಕ್ಕು ವಾಪಸು ಬಂತು.
ಡಬ್ಬಿ ಮೂಸಿತು, ಒಂದು ಕಾಲಿಟ್ಟು ನೋಡಿತು,
ತಣ್ಣಗಿದೆ.
ನನ್ನನ್ನೇ ಒಮ್ಮೆ ದುರುಗುಟ್ಟಿ
ಸಾಹುಕಾರರ ಲೆಕ್ಕದ ಪುಸ್ತಕದ ಮೇಲೆ ಹೋಗಿ ಮಲಗಿತು.