ಎಟ್ ಆಲ್

ಅಬರ್ಡೀನಿನ ಬಂದರಿನಾಚೆ, ಮೀನಿನ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ
ಎಲ್ಸ್‌ಪೆತ್ ಕ್ರುಕ್‌ಶ್ಯಾಂಕ್
ಹತ್ತೊಂಬತ್ತು ವರ್ಷದಿಂದ
ಹ್ಯಾಡಕ್ ಮೀನಿನ ತಲೆ ಸೀಳಿ
ಕಿವಿಗಲ್ಲು ತೆಗೆಯುತ್ತಿದ್ದಾಳೆ.

ಅವರೆಬೇಳೆಯಷ್ಟು ಕಲ್ಲು.
ಅಡ್ಡ ಮುರಿದು ಮಸೂರದಡಿ ಇಟ್ಟರೆ
ಬಳೆಯೊಳಗೆ ಬಳೆ,
ಬೇಸಿಗೆಗೊಂದು ಬಿಳಿ, ಚಳಿಗಾಲಕ್ಕೊಂದು ಕಪ್ಪು.
'ಇವನಿಗೆ ನಾಲ್ಕು' ಅನ್ನುತ್ತಾಳೆ,
'ಇವಳಿಗೆ ಏಳು ತುಂಬಿತ್ತು, ಪಾಪ.'
ಕಂದು ಲಕೋಟೆಯ ಮೇಲೆ ದೋಣಿಯ ಹೆಸರು,
ತಾರೀಖು, ಉದ್ದ, ವಯಸ್ಸು.
ಪೆನ್ಸಿಲೇ ಆಗಬೇಕು. ಶಾಯಿ ಉಪ್ಪುನೀರಿಗೆ ನಿಲ್ಲುವುದಿಲ್ಲ.

ವರ್ಷಕ್ಕೊಂದು ಪ್ರಬಂಧ ಅಚ್ಚಾಗುತ್ತದೆ.
ಮೊದಲ ಪುಟದಲ್ಲಿ ಇವಳು ಐದನೆಯವಳು;
ಮುಂದೆ ಯಾವ ಊರಿನ ಯಾರು ನೆನೆದರೂ
ರಾಟ್ರೇ,
ಆಮೇಲೆ 'ಎಟ್ ಆಲ್',
ಆಮೇಲೆ ಒಂದು ಚುಕ್ಕಿ.

ಕೆಳಮನೆಯ ಫಾರ್ಕರ್ಸನ್, ಲ್ಯಾಟಿನ್ ಕಲಿಸಿ ನಿವೃತ್ತರಾದವರು,
ಮೆಟ್ಟಿಲ ಮೇಲೆ ಹಾಲಿನ ಬಾಟಲಿ ಹಿಡಿದು ಹೇಳಿದರು:
'ಪೂರ್ತಿ ಬರೆದರೆ ಗುಟ್ಟು ರಟ್ಟು.
ಗಂಡಸರಾದರೆ ಅಲಿಯಿ, ಹೆಂಗಸರಾದರೆ ಅಲಿಯೈ,
ವಸ್ತುಗಳಾದರೆ ಅಲಿಯಾ.
ಬಾಲ ಕತ್ತರಿಸಿ ಚುಕ್ಕಿ ಇಟ್ಟರೆ
ಯಾರೂ ಆಗಬಹುದು, ಏನೂ ಆಗಬಹುದು.'

(ನಮ್ಮಲ್ಲಿ ಇಷ್ಟು ಕಷ್ಟವಿಲ್ಲ.
'ಇತರರು' ಅಂದರೆ ಸಾಕು,
ಗಂಡೋ ಹೆಣ್ಣೋ ಯಾರೂ ಕೇಳರು.
'ಇತರೆ' ಅಂದುಬಿಟ್ಟರೆ ಮಾತ್ರ
ಖರ್ಚಿನ ಪಟ್ಟಿಯ ಕೊನೇ ಸಾಲಿಗೆ ಬಿದ್ದ ಹಾಗೆ.)

ಎಲ್ಸ್‌ಪೆತ್ ನಕ್ಕಳು.
'ಹಾಗಾದರೆ ನಾನು, ತಕ್ಕಡಿಯ ಡಗಲ್,
ಚಹಾದ ಕೆಟಲು, ಆ ಹನ್ನೆರಡು ಸಾವಿರ ಹ್ಯಾಡಕ್ಕು
ಎಲ್ಲರೂ ಅದೊಂದರಲ್ಲೇ ಹಿಡಿಸುತ್ತೇವೆ ಅನ್ನಿ.'
ಅವರು ನಗಲಿಲ್ಲ. ವ್ಯಾಕರಣದ ಪ್ರಕಾರ, ಎಂದು ಏನೋ ಶುರುಮಾಡಿದರು;
ಅಷ್ಟರಲ್ಲಿ ಬಸ್ಸು ಬಂತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ
ಪತ್ರಿಕೆಯ ಪುಟವನ್ನೇ ಮಸೂರದಡಿ ತಳ್ಳಿದಳು.
ಬರಿಗಣ್ಣಿಗೆ ಗುಂಡಗಿದ್ದದ್ದು ಗುಂಡಗಿರಲಿಲ್ಲ.
ಅಂಚು ಹರಿದಿತ್ತು, ಮಸಿ ಕಾಗದದ ನಾರಿನುದ್ದಕ್ಕೂ
ಕಾಲು ಚಾಚಿತ್ತು, ಎತ್ತಲೋ ಹೊರಟ ಹಾಗೆ.
ಕೈರೂಢಿ: ತಿರುಪು ತಿರುಗಿಸಿ
ನಡುವಿನಿಂದ ಹೊರಗೆ ಬಳೆ ಎಣಿಸಹೋದಳು.
ಇಲ್ಲ.
ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ.

ಒಂದು ಕಂದು ಲಕೋಟೆ ತೆಗೆದಳು.
ದೋಣಿ: ರಾಟ್ರೇ.
ಉದ್ದ: ಅರ್ಧ ಮಿಲಿಮೀಟರಿಗೂ ಕಡಿಮೆ.
ವಯಸ್ಸು ಎಂಬಲ್ಲಿ ಪೆನ್ಸಿಲು ಸ್ವಲ್ಪ ನಿಂತು
ಹತ್ತೊಂಬತ್ತು ಎಂದು ಬರೆಯಿತು.

ಒಳಗೆ ಏನನ್ನೂ ಹಾಕದೆ ಅಂಟಿಸಿ
ಉಳಿದವುಗಳ ಸಾಲಿನಲ್ಲೇ ಇಟ್ಟಳು.
ಕೆಳಗೆ ಐಸಿನ ಪೆಟ್ಟಿಗೆ ಇಳಿಸುವ ಸದ್ದು.
ಕೈಗವಸು ಇನ್ನೂ ಒದ್ದೆಯಿತ್ತು.